ಸುಣ್ಣದ ಶಾಖ: ರಾಸಾಯನಿಕ ಕ್ರಿಯೆಗಳ ಉಷ್ಣವಿಚಾರದ ಚರಿತ್ರೆ

ಸುಟ್ಟ ಸುಣ್ಣದ ಹೆಂಟೆಯನ್ನು ಮುಟ್ಟಿದರೆ ತಣ್ಣಗಿರುವುದು. ಬಾವಿಯ ನೀರೂ ತಣ್ಣಗಿರುವುದು. ಈ ಎರಡು ತಣ್ಣನೆಯ ಪದಾರ್ಥಗಳು ಕೂಡಿದೊಡನೆಯೇ ಸುಣ್ಣವು ಅರಳಿ, ನೀರು ಕುದಿದು, ಹಬೆಯೇಳುವುದು. ಈ ಶಾಖವು ಎಲ್ಲಿಂದ ಬಂದಿತು? ಸುಣ್ಣದಲ್ಲಿದ್ದಿತೆ, ನೀರಿನಲ್ಲಿದ್ದಿತೆ, ಅಥವಾ ಎರಡರಲ್ಲಿಯೂ ಇಲ್ಲದುದು ಹೊಸದಾಗಿ ಹುಟ್ಟಿತೆ? ರಾಸಾಯನಿಕ ಕ್ರಿಯೆಗಳಲ್ಲಿ ಉಂಟಾಗುವ ಶಕ್ತಿವ್ಯತ್ಯಾಸಗಳನ್ನು ಕುರಿತು ಪಾಶ್ಚಾತ್ಯ ವಿದ್ವಾಂಸರು ಇನ್ನೂರು ವರ್ಷಗಳ ಕಾಲ ನಡೆಸಿದ ವಿಚಾರವು ಈ ಒಂದು ಪ್ರಶ್ನೆಯ ವಿಸ್ತಾರವೆಂದರೆ ಅತಿಶಯೋಕ್ತಿಯಾಗಲಾರದು.

ನಾನು ಬಾಲ್ಯದಲ್ಲಿ ತರ್ಕಸಂಗ್ರಹವನ್ನು ಪಾಠ ಹೇಳಿಸಿಕೊಳ್ಳುತ್ತಿದ್ದಾಗ, ಪಾಠಶಾಲೆಯ ಹಿಂದಣ ಹಳೆಯ ಬಾವಿಯ ಕಟ್ಟೆಯನ್ನು ಗಾರೆಯಿಂದ ದುರಸ್ತು ಮಾಡುತ್ತಿದ್ದರು. ಗುಂಡಿಯಲ್ಲಿ ಸುಣ್ಣ ಕುದಿಯುವುದನ್ನು ನೋಡಿ ಬಂದು ಗುರುಗಳಲ್ಲಿ ಈ ಪ್ರಶ್ನೆಯನ್ನೇ ಕೇಳಿದೆನು. ಅವರು ಸ್ವಲ್ಪ ಹೊತ್ತು ಆಲೋಚಿಸಿ, “ಮಗು, ಗೂಡಿನಲ್ಲಿ ಸುಡುವಾಗ ತೇಜಃಕಣಗಳು ಕಲ್ಲಿನ ರಂಧ್ರಗಳನ್ನು ಹೊಕ್ಕು ಕುಳಿತಿವೆ. ಅವುಗಳ ಉಷ್ಣಸ್ಪರ್ಶವು ಅನುದ್ಭೂತವಾದುದರಿಂದ ನಿನ್ನ ಕೈಗೆ ತಿಳಿಯದು. ನೀರು ಆ ರಂಧ್ರಗಳನ್ನು ಬಿಚ್ಚಿದಾಗ ಅದು ಉದ್ಭೂತವಾಗುವುದು” ಎಂದರು. ಇದು ಗ್ರಂಥದಲ್ಲಿ ಹೇಳಿದ ಮಾತಲ್ಲ. ಗ್ರಂಥವನ್ನು ಅರಗಿಸಿಕೊಂಡವರು ಮಾಡಿದ ಊಹೆ. ಬಹುಕಾಲದ ಮೇಲೆ, ಫ್ರಾನ್ಸ್ ದೇಶದ ಲೆಮೆರಿ ಎಂಬ ರಸಾಯನಜ್ಞನು ೧೬೭೫ರಲ್ಲಿ ಪ್ರಕಟಿಸಿದ ತನ್ನ ಪಾಠಗ್ರಂಥದಲ್ಲಿ ಸುಣ್ಣದ ಶಾಖಕ್ಕೆ ಹೆಚ್ಚು ಕಡಮೆ ಇದೇ ಸಮಾಧಾನವನ್ನು ಹೇಳಿರುವನೆಂದು ತಿಳಿದು ನಾನು ಬೆರಗಾದೆನು. ಗೂಡಿನಲ್ಲಿ ಅಗ್ನಿಕಣಗಳು ಕಲ್ಲಿನ ರಂಧ್ರಗಳಲ್ಲಿ ಸೆರೆಯಾಗುವುವು, ನೀರು ಅವುಗಳನ್ನು ಬಿಡಿಸುವುದು ಎಂಬುದೇ ಅವನ ಮತ. ಪರಸ್ಪರ ಪರಿಚಯವೇ ಇಲ್ಲದ ಇಬ್ಬರು ಒಂದೇ ಉತ್ತರವನ್ನು ಹೇಳಿದರೆ ಆ ಉತ್ತರವು ಸತ್ಯವೆಂದು ಆಗ ನಾನು ತಿಳಿದೆನು. ಹಾಗೆ ತಿಳಿದುದು ಎಷ್ಟರ ಮಟ್ಟಿಗೆ ಸರಿ ಎಂಬುದೇ ಈ ಲೇಖನದ ವಿಷಯ.

ಮೊದಲು ನಮ್ಮ ಶಾಸ್ತ್ರದ ಸ್ಥಿತಿಯನ್ನು ಹೇಳಬೇಕು. ವೈಶೇಷಿಕರಿಗೆ ತೇಜಸ್ಸು ಒಂದು ದ್ರವ್ಯ. ಉಷ್ಣಸ್ಪರ್ಶವು ಅದರ ಲಕ್ಷಣ. ತೇಜಃಸಂಯೋಗದಿಂದ ಪೃಥಿವಿಯಲ್ಲಿ ರೂಪರಸಾದಿಗಳು ಬದಲಾಗುವುದಕ್ಕೆ ಪಾಕವೆಂದು ಹೆಸರು. ಕುಂಬಾರನ ಆವಿಗೆಯಲ್ಲಿ ಕಪ್ಪು ಗಡಿಗೆಯು ಕೆಂಪಾಗುವುದೇ ಪ್ರಸಿದ್ಧವಾದ ದೃಷ್ಟಾಂತ. ಪೀಲುಪಾಕವಾದಿಗಳಾದ ವೈಶೇಷಿಕರ ಪಕ್ಷದಲ್ಲಿ, ಅಗ್ನಿಯ ತೀವ್ರಸಂಯೋಗದಿಂದ ಗಡಿಗೆಯು ಪರಮಾಣುಗಳವರೆಗೂ ಬಿಚ್ಚಿಹೋಗಿ, ಪರಮಾಣುಗಳಲ್ಲಿಯೇ ಶ್ಯಾಮರೂಪವು ನಶಿಸಿ ರಕ್ತರೂಪವು ಹುಟ್ಟಿ, ಮತ್ತೆ ದ್ವ್ಯಣುಕಾದಿಕ್ರಮದಿಂದ ಹೊಸ ಗಡಿಗೆಯು ಆಗುವುದು. ಪಿಠರಪಾಕವಾದಿಗಳಾದ ನೈಯಾಯಿಕರು ಇದನ್ನು ಒಪ್ಪರು. ಗಡಿಗೆಯು ಬಿಚ್ಚಿಹೋಗುವುದಾದರೆ ಅದರ ಮೇಲಿಟ್ಟ ಗಡಿಗೆಗಳು ಬೀಳಬೇಡವೆ? ‘ಅದೇ ಗಡಿಗೆ ಇದು’ ಎಂಬ ಪ್ರತ್ಯಭಿಜ್ಞೆಯು ಹೇಗೆ ಕೂಡುವುದು? ಅವಯವಿಯು ಸಚ್ಛಿದ್ರವಾದುದರಿಂದ ತೇಜಸ್ಸು ಒಳಹೊಕ್ಕು ಇದ್ದ ಗಡಿಗೆಯನ್ನೇ ಬೇಯಿಸುವುದೆಂದು ಅವರ ಸಿದ್ಧಾಂತ. ಶಕ ೯೧೩ರಲ್ಲಿ, ಎಂದರೆ ಕ್ರಿ. ಶ. ೯೯೧ರಲ್ಲಿ, ಶ್ರೀಧರನು ಬರೆದ ನ್ಯಾಯಕಂದಲಿಯೇ ಮೊದಲಾದ ವ್ಯಾಖ್ಯಾನಗಳಲ್ಲಿ ಈ ವಿಚಾರವು ಹರಡಿದೆ. ಹಳೆಯ ದ್ವ್ಯಣುಕವು ನಾಶವಾಗಿ ಹೊಸ ದ್ವ್ಯಣುಕದಲ್ಲಿ ರಕ್ತರೂಪವು ಹುಟ್ಟುವುದಕ್ಕೆ ಒಂಬತ್ತು ಕ್ಷಣಗಳೋ, ಹತ್ತೋ, ಹನ್ನೊಂದೋ ಎಂಬ ಎಣಿಕೆಯೂ ವ್ಯಾಖ್ಯಾನಗಳಲ್ಲಿ ನಡೆದಿದೆ. ಪಾಠಶಾಲೆಗಳಲ್ಲಿ ಈ ಕ್ಷಣಪ್ರಕ್ರಿಯೆಯನ್ನು ಒಪ್ಪಿಸಲಾರದೆ ಬೆವರಿದವರಿಗೆ ಅದರ ಸೂಕ್ಷ್ಮತೆ ತಿಳಿದೇ ಇದೆ.

ಇಷ್ಟು ಸೂಕ್ಷ್ಮವಾಗಿ ಕ್ಷಣಗಳನ್ನು ಎಣಿಸಿದವರು ಆವಿಗೆಗೆ ಹಾಕಿದ ಸೌದೆಯನ್ನು ತೂಗಲಿಲ್ಲ. ಇದನ್ನು ನಿಂದೆಗಾಗಿ ಹೇಳುತ್ತಿಲ್ಲ, ಲೆಮೆರಿಯೂ ತೂಗಲಿಲ್ಲ.

ತೂಗಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ೧೭೫೬ರಲ್ಲಿ ಪ್ರಕಟವಾದ ಅವನ ಪ್ರಬಂಧವು, ಸುಣ್ಣಕಲ್ಲನ್ನು ಸುಟ್ಟಾಗ ಅದಕ್ಕೆ ಏನೂ ಸೇರುವುದಿಲ್ಲ, ಬದಲಾಗಿ ಅದರಿಂದ ಒಂದು ವಾಯುವು ಹೊರಟುಹೋಗುವುದೆಂದು ತಕ್ಕಡಿಯ ಸಾಕ್ಷ್ಯದಿಂದ ಸ್ಥಾಪಿಸಿತು. ಅವನು ‘ಸ್ಥಿರವಾಯು’ವೆಂದು ಕರೆದುದನ್ನೇ ನಾವು ಈಗ ಇಂಗಾಲದ ಡೈಆಕ್ಸೈಡ್ ಎನ್ನುತ್ತೇವೆ. ಶುದ್ಧವಾದ ೧೦೦ ತೂಕದ ಕಲ್ಲು ಪೂರ್ಣವಾಗಿ ಬೆಂದಾಗ ೫೬ ತೂಕದ ಸುಣ್ಣವಾಗಿ ಉಳಿಯುವುದು. ೪೪ ತೂಕವು ಗಾಳಿಯಾಗಿ ಹೋಗುವುದು. ಸುಟ್ಟ ಸುಣ್ಣದ ತೀಕ್ಷ್ಣತೆಗೆ ಒಳಹೊಕ್ಕ ಅಗ್ನಿಕಣಗಳೇ ಕಾರಣವೆಂಬ ಮತವು ಇದರಿಂದ ನೆಲೆ ತಪ್ಪಿತು. ಆದರೆ ತೀಕ್ಷ್ಣತೆಯ ಪ್ರಶ್ನೆ ಬೇರೆ, ಶಾಖದ ಪ್ರಶ್ನೆ ಬೇರೆ. ಎರಡನೆಯದಕ್ಕೆ ದಾರಿ ತೋರಿಸಿದವನೂ ಬ್ಲ್ಯಾಕನೇ. ಮಂಜುಗೆಡ್ಡೆಯು ಕರಗುವಾಗ ಎಷ್ಟು ಕಾಯಿಸಿದರೂ ಅದರ ಉಷ್ಣತೆಯು ಏರದೆ ನಿಲ್ಲುವುದನ್ನು ಅವನು ೧೭೬೨ರ ಸುಮಾರಿಗೆ ಅಳೆದು, ಹೀಗೆ ಮರೆಯಾಗುವ ಶಾಖಕ್ಕೆ ಗುಪ್ತೋಷ್ಣವೆಂಬ ಅರ್ಥದ ಹೆಸರನ್ನಿಟ್ಟನು. ಉಷ್ಣತೆಯು ಬೇರೆ, ಉಷ್ಣದ ಪರಿಮಾಣವು ಬೇರೆ ಎಂಬ ವಿವೇಕವು ಇಲ್ಲಿಂದ ದೃಢವಾಯಿತು. ಅನುದ್ಭೂತಸ್ಪರ್ಶವೆಂಬ ನಮ್ಮ ಪರಿಭಾಷೆಗೂ ಗುಪ್ತೋಷ್ಣಕ್ಕೂ ಹೋಲಿಕೆಯುಂಟು. ಭೇದವಾದರೋ, ಬ್ಲ್ಯಾಕನು ಮರೆಯಾದುದು ಎಷ್ಟು ಎಂದು ಹೇಳಬಲ್ಲವನಾಗಿದ್ದನು.

ಮಂಜುಗೆಡ್ಡೆಯ ಈ ಗುಣವನ್ನೇ ಮಾಪನಯಂತ್ರವನ್ನಾಗಿ ಮಾಡಿಕೊಂಡವರು ಪ್ಯಾರಿಸಿನ ಲವಾಸಿಯೇ ಮತ್ತು ಲಾಪ್ಲಾಸ್. ೧೭೮೨–೮೩ರ ಚಳಿಗಾಲದಲ್ಲಿ ಅವರು ಒಂದರೊಳಗೊಂದು ಇರುವ ಲೋಹದ ಪಾತ್ರೆಗಳನ್ನು ಮಾಡಿಸಿದರು. ಒಳಗಿನ ಬುಟ್ಟಿಯಲ್ಲಿ ಪರೀಕ್ಷೆಯ ವಸ್ತು. ಅದರ ಸುತ್ತ ಮಂಜುಗೆಡ್ಡೆ. ಹೊರಗಿನ ಗಾಳಿಯ ಶಾಖವು ಒಳಗೆ ನುಗ್ಗದಂತೆ ತಡೆಯಲು ಅದರ ಹೊರಗೆ ಮತ್ತೊಂದು ಸುತ್ತು ಮಂಜುಗೆಡ್ಡೆ. ಒಳಗೆ ಕ್ರಿಯೆಯು ನಡೆದು ಶಾಖವು ಹೊರಟರೆ ಒಳಸುತ್ತಿನ ಮಂಜು ಕರಗಿ ನೀರಾಗಿ ಕೆಳಗೆ ಹರಿಯುವುದು. ಆ ನೀರನ್ನು ತೂಗಿದರೆ ಶಾಖವನ್ನು ತೂಗಿದಂತೆ. ಅವರು ಈ ಪಾತ್ರೆಯಲ್ಲಿ ಇದ್ದಲನ್ನು ಉರಿಸಿ ನೋಡಿದರು. ಗಿನಿಹಂದಿಯೆಂಬ ಸಣ್ಣ ಪ್ರಾಣಿಯನ್ನೂ ಕೂಡಿಸಿ ನೋಡಿದರು. ಆ ಪ್ರಾಣಿಯು ಹತ್ತು ಗಂಟೆಗಳಲ್ಲಿ ಸುಮಾರು ೧೩ ಔನ್ಸ್ ಮಂಜನ್ನು ಕರಗಿಸಿತು. ಅದು ಅಷ್ಟು ಹೊತ್ತಿನಲ್ಲಿ ಉಸಿರಿನಿಂದ ಬಿಡುವಷ್ಟು ಸ್ಥಿರವಾಯುವನ್ನು ಕೊಡಲು ಬೇಕಾದ ಇದ್ದಲನ್ನು ಉರಿಸಿದರೆ ಕರಗುವುದು ೧೦ ಔನ್ಸಿಗೆ ಸ್ವಲ್ಪ ಮೇಲೆ ಎಂದು ಲೆಕ್ಕ ಬಂದಿತು. ಎರಡೂ ಸಮವಾಗಲಿಲ್ಲವಾದರೂ ಉಸಿರಾಟವು ಮೆಲ್ಲನೆ ನಡೆಯುವ ಒಂದು ದಹನವೆಂದು ಅವರು ಧೈರ್ಯವಾಗಿ ಹೇಳಿದರು. ತೇಜಸ್ಸನ್ನು ಭೌಮ, ದಿವ್ಯ, ಔದರ್ಯ, ಆಕರಜವೆಂದು ವಿಭಾಗಿಸಿ ಸೌದೆಯ ಬೆಂಕಿಯನ್ನೂ ಹೊಟ್ಟೆಯ ಬೆಂಕಿಯನ್ನೂ ಒಂದೇ ದ್ರವ್ಯದ ಭೇದಗಳೆಂದು ಓದಿದ ನಮಗೆ ಈ ಮಾತು ಹೊಸದಲ್ಲ. ಒಂದು ಬೆಂಕಿಯನ್ನು ಇನ್ನೊಂದರೊಡನೆ ತಕ್ಕಡಿಯಲ್ಲಿಟ್ಟುದು ಮಾತ್ರ ಹೊಸದು.

೧೭೮೩ರ ಜೂನ್ ತಿಂಗಳಲ್ಲಿ ವಿದ್ವತ್ಸಭೆಯ ಮುಂದೆ ಓದಲ್ಪಟ್ಟ ಇವರ ಪ್ರಬಂಧದ ಆರಂಭವನ್ನು ನ್ಯಾಯಶಾಸ್ತ್ರದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು. ಉಷ್ಣವು ಪದಾರ್ಥಗಳಲ್ಲಿ ಹರಿದಾಡುವ ಒಂದು ದ್ರವವೆಂಬುದು ಒಂದು ಪಕ್ಷ. ಪದಾರ್ಥದ ಸೂಕ್ಷ್ಮಕಣಗಳ ಚಲನೆಯೇ ಉಷ್ಣವೆಂಬುದು ಇನ್ನೊಂದು ಪಕ್ಷ. ಲೇಖಕರು ಎರಡನ್ನೂ ಹೇಳಿ, ಎರಡರಲ್ಲಿ ಯಾವುದನ್ನೂ ಇಲ್ಲಿ ನಿರ್ಣಯಿಸದೆ, ಎರಡಕ್ಕೂ ಸಮ್ಮತವಾದ ಪರಿಮಾಣದ ನಿಯಮಗಳನ್ನು ಮಾತ್ರ ಹೇಳಲು ತೊಡಗುತ್ತಾರೆ. ಒಂದು ಸಂಯೋಗದಲ್ಲಿ ಎಷ್ಟು ಶಾಖವು ಹೊರಡುವುದೋ ಆ ಸಂಯೋಗವನ್ನು ಬಿಡಿಸಲು ಅಷ್ಟೇ ಶಾಖವು ಬೇಕೆಂಬುದು ಆ ನಿಯಮಗಳಲ್ಲೊಂದು. ಸ್ವರೂಪವಿಚಾರವನ್ನು ಬದಿಗಿಟ್ಟು ಪರಿಮಾಣವಿಚಾರವನ್ನು ನಡೆಸಬಹುದೆಂಬ ಈ ಸಂಯಮವು ನಮ್ಮ ವಾದಗ್ರಂಥಗಳಲ್ಲಿ ನನಗೆ ಕಂಡಿಲ್ಲ. ಲವಾಸಿಯೇ ಮುಂದೆ ಅದನ್ನು ತಾನೇ ಕಾಪಾಡಲಿಲ್ಲ. ೧೭೮೯ರ ತನ್ನ ಗ್ರಂಥದ ಮೂಲಧಾತುಗಳ ಪಟ್ಟಿಯಲ್ಲಿ ಬೆಳಕನ್ನೂ ಉಷ್ಣದ್ರವವನ್ನೂ ಸೇರಿಸಿದನು. ೧೭೯೪ರ ಮೇ ೮ರಂದು ಕ್ರಾಂತಿಕಾರರ ನ್ಯಾಯಸ್ಥಾನವು ಅವನ ತಲೆಯನ್ನು ತೆಗೆಸಿತು.

ಪರಿಮಾಣವಿಚಾರಕ್ಕೆ ಪೂರ್ಣತೆಯನ್ನು ತಂದವನು ಹೆಸ್. ಜಿನೀವಾದಲ್ಲಿ ೧೮೦೨ರಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ರಷ್ಯಕ್ಕೆ ಬಂದು, ವೈದ್ಯವನ್ನು ಕಲಿತು, ಸೈಬೀರಿಯದ ಇರ್ಕುತ್ಸ್ಕಿನಲ್ಲಿ ಚಿಕಿತ್ಸೆ ಮಾಡಿಕೊಂಡಿದ್ದು, ಕೊನೆಗೆ ಸೇಂಟ್ ಪೀಟರ್ಸ್‌ಬರ್ಗಿನ ವಿದ್ವತ್ಸಭೆಗೆ ಸೇರಿದವನು ಇವನು. ಇವನು ಗಂಧಕಾಮ್ಲವನ್ನು ಬೇರೆ ಬೇರೆ ಪ್ರಮಾಣದ ನೀರಿನಲ್ಲಿ ಬೆರಸಿ ಪ್ರತಿಯೊಂದು ಬೆರಕೆಯಲ್ಲಿ ಹೊರಟ ಶಾಖವನ್ನು ಅಳೆದನು. ಆಮೇಲೆ ಆ ಬೆರಕೆಗಳನ್ನು ಅಮೋನಿಯದಿಂದ ಶಮನಗೊಳಿಸಿ ಆಗಲೂ ಅಳೆದನು. ನೀರು ಹೆಚ್ಚಿದಂತೆ ಮೊದಲಿನ ಶಾಖವು ಹೆಚ್ಚುವುದು, ಎರಡನೆಯದು ಕಡಮೆಯಾಗುವುದು. ಎರಡರ ಮೊತ್ತವು ಮಾತ್ರ ಬದಲಾಗದು. ೧೮೪೦ರಲ್ಲಿ ಅವನು ಪ್ರಕಟಿಸಿದ ನಿಯಮದ ತಾತ್ಪರ್ಯವಿದು: ಕ್ರಿಯೆಯು ಒಂದೇ ಮೆಟ್ಟಿಲಲ್ಲಿ ನಡೆಯಲಿ, ಹಲವು ಮೆಟ್ಟಿಲುಗಳಲ್ಲಿ ನಡೆಯಲಿ, ಆದಿಯೂ ಅಂತ್ಯವೂ ಒಂದೇ ಆಗಿದ್ದರೆ ಒಟ್ಟು ಶಾಖವು ಒಂದೇ. ನಡುವಣ ದಾರಿಯು ಲೆಕ್ಕಕ್ಕೆ ಬಾರದು.

ಇದನ್ನು ಸುಣ್ಣದ ಮೇಲೆಯೇ ಇಟ್ಟು ನೋಡಬಹುದು. ಇಂದಿನ ಗ್ರಂಥಗಳು ಶಾಖವನ್ನು ಕಿಲೋಜೂಲ್ ಎಂಬ ಮಾನದಲ್ಲಿ ಎಣಿಸುತ್ತವೆ. ೧೦೦ ಗ್ರಾಂ ಶುದ್ಧವಾದ ಸುಣ್ಣಕಲ್ಲನ್ನು ಬಿಡಿಸಿ ಸುಟ್ಟ ಸುಣ್ಣವನ್ನಾಗಿ ಮಾಡಲು ಸುಮಾರು ೧೭೮ ಕಿಲೋಜೂಲ್ ಶಾಖವನ್ನು ಕೊಡಬೇಕು. ಇದು ಗೂಡಿನ ಕೆಲಸ. ಹೀಗೆ ಬಂದ ೫೬ ಗ್ರಾಂ ಸುಣ್ಣವು ೧೮ ಗ್ರಾಂ ನೀರಿನೊಡನೆ ಕೂಡಿ ಅರಳಿದ ಸುಣ್ಣವಾಗುವಾಗ ಸುಮಾರು ೬೫ ಕಿಲೋಜೂಲ್ ಹೊರಡುವುದು. ಇದೇ ಗುಂಡಿಯಲ್ಲಿ ನಾವು ಕಾಣುವ ಕುದಿ. ಅರಳಿದ ಸುಣ್ಣವು ಗಾರೆಯಾಗಿ ಗೋಡೆಯನ್ನು ಸೇರಿ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ತೆಗೆದುಕೊಂಡು, ನೀರನ್ನು ಬಿಟ್ಟು, ಮತ್ತೆ ಕಲ್ಲಾಗುವಾಗ ಸುಮಾರು ೧೧೩ ಕಿಲೋಜೂಲ್ ಹೊರಡುವುದು. ಇದು ಬಹು ಮೆಲ್ಲಗೆ ನಡೆಯುವುದರಿಂದ ಯಾರ ಕೈಗೂ ಬಿಸಿಯಾಗಿ ತಿಳಿಯದು. ೬೫ಕ್ಕೆ ೧೧೩ನ್ನು ಕೂಡಿದರೆ ೧೭೮. ಗೂಡಿನಲ್ಲಿ ಕೊಟ್ಟ ಸಾಲವು ಎರಡು ಕಂತುಗಳಲ್ಲಿ ಪೈಸೆ ತಪ್ಪದೆ ಮರಳಿದಂತಾಯಿತು. ನೀರು ಹೊಯ್ದಾಗ ಕಂಡ ಕುದಿಯು ಮೊದಲನೆಯ ಕಂತು ಮಾತ್ರ; ದೊಡ್ಡ ಕಂತು ಗೋಡೆಯಲ್ಲಿ ಗುಟ್ಟಾಗಿ ಸಂದಾಯವಾಗುವುದು.

ಈಗ ನನ್ನ ಗುರುಗಳ ಮಾತಿಗೂ ಲೆಮೆರಿಯ ಮಾತಿಗೂ ಬರಬಹುದು. ಗೂಡಿನಲ್ಲಿ ಯಾವ ಕಣವೂ ಸುಣ್ಣದೊಳಗೆ ಹೊಕ್ಕು ಕುಳಿತುಕೊಳ್ಳಲಿಲ್ಲ; ಸ್ವರೂಪದ ವಿಷಯದಲ್ಲಿ ಅವರ ಊಹೆ ತಪ್ಪು. ಆದರೆ ನೀರಿನ ಗುಂಡಿಯಲ್ಲಿ ಕಾಣುವ ಶಾಖಕ್ಕೂ ಗೂಡಿನಲ್ಲಿ ಕೊಟ್ಟ ಶಾಖಕ್ಕೂ ಸಂಬಂಧವುಂಟೆಂಬ ಅವರ ಬುದ್ಧಿಯು ಸರಿಯಾಗಿತ್ತು. ಹೆಸ್ಸನೂ ಉಷ್ಣವನ್ನು ದ್ರವ್ಯವೆಂದು ಭಾವಿಸಿದ್ದವನೇ. ತಪ್ಪಾದ ಸ್ವರೂಪಕಲ್ಪನೆಯನ್ನು ಇಟ್ಟುಕೊಂಡೇ ಇಂದಿಗೂ ಕೆಡದ ಲೆಕ್ಕವನ್ನು ಬರೆದಿಟ್ಟನು. ಇದರ ಕಾರಣವು ಆಮೇಲೆ ತಿಳಿಯಿತು. ೧೮೪೨ರಲ್ಲಿ ಜರ್ಮನಿಯ ವೈದ್ಯನಾದ ಮೇಯರನು, ೧೮೪೩ರಿಂದ ಮೊದಲ್ಗೊಂಡು ಇಂಗ್ಲೆಂಡಿನ ಜೂಲನು, ೧೮೪೭ರಲ್ಲಿ ಹೆಲ್ಮ್‌ಹೋಲ್ಟ್ಸನು ಶಾಖವೂ ಕೆಲಸವೂ ಒಂದೇ ಶಕ್ತಿಯ ರೂಪಾಂತರಗಳೆಂದೂ ಅದರ ಒಟ್ಟು ಮೊತ್ತವು ಹೆಚ್ಚು ಕಡಮೆಯಾಗದೆಂದೂ ಸ್ಥಾಪಿಸಿದರು. ಜಾವಾ ದ್ವೀಪಕ್ಕೆ ಹೋದ ಹಡಗಿನಲ್ಲಿ ವೈದ್ಯನಾಗಿದ್ದ ಮೇಯರನಿಗೆ, ಉಷ್ಣಪ್ರದೇಶದಲ್ಲಿ ನಾವಿಕರ ಸಿರೆಯ ರಕ್ತವು ಹೆಚ್ಚು ಕೆಂಪಾಗಿ ಕಂಡುದೇ ಈ ಆಲೋಚನೆಗೆ ಬೀಜವಾಯಿತೆಂಬುದು ಪ್ರಸಿದ್ಧ. ಮೊತ್ತವು ಬದಲಾಗದಿದ್ದರೆ ದಾರಿಯು ಲೆಕ್ಕಕ್ಕೆ ಬಾರದಿರುವುದು ಸಹಜವೇ.

ಮುಂದಿನ ಅರ್ಧ ಶತಮಾನದಲ್ಲಿ ಅಳತೆಗಳು ರಾಶಿಯಾದುವು. ಕೋಪನ್‌ಹೇಗನ್ನಿನ ಥೋಮ್ಸೆನ್ನನು ತನ್ನ ಅಳತೆಗಳನ್ನು ೧೮೮೨ರಿಂದ ೧೮೮೬ರವರೆಗೆ ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿದನು. ಪ್ಯಾರಿಸಿನ ಬರ್ತೆಲೊ ೧೮೮೧ರಲ್ಲಿ, ಒತ್ತಡದಲ್ಲಿಟ್ಟ ಆಮ್ಲಜನಕದ ನಡುವೆ ವಸ್ತುಗಳನ್ನು ಕ್ಷಣಮಾತ್ರದಲ್ಲಿ ಉರಿಸಿ ಶಾಖವನ್ನು ಅಳೆಯುವ ಗಟ್ಟಿಯಾದ ಲೋಹದ ಪಾತ್ರೆಯನ್ನು ಬಳಕೆಗೆ ತಂದನು. ಶಾಖವನ್ನು ಹೊರಗೆಡಹುವ ಕ್ರಿಯೆಗೂ ಒಳಗೆ ತೆಗೆದುಕೊಳ್ಳುವ ಕ್ರಿಯೆಗೂ ಹೆಸರಿಟ್ಟವನೂ ಅವನೇ. ಆ ಹೆಸರುಗಳನ್ನೇ ನಮ್ಮ ಪಠ್ಯಪುಸ್ತಕಗಳು ಬಹಿರುಷ್ಣಕ, ಅಂತರುಷ್ಣಕವೆಂದು ಕನ್ನಡಿಸಿವೆ. ಈ ಪದಗಳಲ್ಲಿ, ‘ಶಾಖವನ್ನು ಹೀರುವುದು’, ‘ಕಕ್ಕುವುದು’ ಎಂಬ ಕ್ರಿಯಾಪದಗಳಲ್ಲಿ, ಹಳೆಯ ಉಷ್ಣದ್ರವದ ವಾಸನೆಯು ಇನ್ನೂ ಉಳಿದಿದೆ. ಬದಲಾಯಿಸಬೇಕೆಂದು ನನ್ನ ಅಭಿಪ್ರಾಯವಲ್ಲ; ‘ಸೂರ್ಯನು ಹುಟ್ಟಿದನು’ ಎಂಬುದನ್ನು ನಾವು ಬದಲಾಯಿಸಿದ್ದೇವೆಯೆ?

ಬರ್ತೆಲೊ ಅಳತೆಯಲ್ಲಿ ನಿಲ್ಲಲಿಲ್ಲ. ಹೊರಗಿನ ಶಕ್ತಿಯ ಸಹಾಯವಿಲ್ಲದೆ ನಡೆಯುವ ಪ್ರತಿಯೊಂದು ಕ್ರಿಯೆಯೂ ಅತ್ಯಂತ ಹೆಚ್ಚು ಶಾಖವನ್ನು ಬಿಡುವ ಕಡೆಗೇ ಸಾಗುವುದೆಂದು, ೧೮೭೯ರ ತನ್ನ ಮಹಾಗ್ರಂಥದಲ್ಲಿ ಒಂದು ಸಾಮಾನ್ಯನಿಯಮವನ್ನು ಪ್ರತಿಪಾದಿಸಿದನು. ಥೋಮ್ಸೆನ್ನನೂ ೧೮೫೪ರಲ್ಲಿಯೇ ಇಂಥದನ್ನು ಹೇಳಿದ್ದನು. ಬೆಂಕಿ ಉರಿಯುವುದನ್ನೂ ಸುಣ್ಣ ಅರಳುವುದನ್ನೂ ನೋಡಿದರೆ ಇದು ನಿಜವೆಂದೇ ತೋರುವುದು. ಆದರೆ ಪ್ರತ್ಯುದಾಹರಣೆಯು ನಮ್ಮ ದೇಶದ ಒಂದು ಪುಸ್ತಕದಲ್ಲಿ ಮೂರು ಶತಮಾನಗಳ ಹಿಂದೆಯೇ ದಾಖಲೆಯಾಗಿತ್ತು. ಅಕ್ಬರನ ಆಸ್ಥಾನದಲ್ಲಿ ಕುಡಿಯುವ ನೀರನ್ನು ತಣಿಸುತ್ತಿದ್ದ ವಿಧಾನವನ್ನು ಅಬುಲ್ ಫಜಲನು ಐನ್-ಇ-ಅಕ್ಬರಿಯಲ್ಲಿ ವಿವರಿಸುತ್ತಾನೆ. ಒಂದು ಸೇರು ನೀರನ್ನು ಲೋಹದ ಹೂಜಿಯಲ್ಲಿ ತುಂಬಿ ಬಾಯಿ ಮುಚ್ಚಿ, ಎರಡೂವರೆ ಸೇರು ಪೆಟ್ಲುಪ್ಪನ್ನು ಐದು ಸೇರು ನೀರಿಗೆ ಹಾಕಿ, ಆ ನೀರಿನಲ್ಲಿ ಹೂಜಿಯನ್ನು ಕಾಲು ಗಂಟೆ ಆಡಿಸಿದರೆ ಒಳಗಿನ ನೀರು ತಣ್ಣಗಾಗುವುದು. ಮದ್ದಿನಲ್ಲಿ ಬೆಂಕಿಗೆ ನೆರವಾಗುವ ಉಪ್ಪೇ ಇಲ್ಲಿ ತಂಪನ್ನು ಕೊಡುವುದೆಂಬ ವೈಚಿತ್ರ್ಯವನ್ನು ಆ ಗ್ರಂಥಕಾರನು ಗಮನಿಸದೆ ಬಿಟ್ಟಿಲ್ಲ. ಪೆಟ್ಲುಪ್ಪು ನೀರಿನಲ್ಲಿ ತಾನಾಗಿ ಕರಗುತ್ತದೆ, ಯಾರೂ ಬಲಾತ್ಕರಿಸುವುದಿಲ್ಲ. ಆದರೂ ಶಾಖವನ್ನು ಬಿಡುವುದರ ಬದಲು ತೆಗೆದುಕೊಳ್ಳುತ್ತದೆ.

ಇಂಥವುಗಳನ್ನು ಬರ್ತೆಲೊ ಕಾಣದವನಲ್ಲ. ಕರಗುವುದು, ಆವಿಯಾಗುವುದು ಮೊದಲಾದುವು ರಾಸಾಯನಿಕವಲ್ಲ, ಭೌತಿಕವೆಂದು ಅವುಗಳನ್ನು ನಿಯಮದಿಂದ ಹೊರಗಿಟ್ಟನು. ಉತ್ಸರ್ಗವನ್ನು ಉಳಿಸುವುದಕ್ಕಾಗಿ ಅಪವಾದಗಳನ್ನು ಒಂದರ ಮೇಲೊಂದು ಸೇರಿಸುತ್ತ ಹೋಗುವ ಈ ರೀತಿಯು ವೈಯಾಕರಣರಿಗೆ ಚೆನ್ನಾಗಿ ಗೊತ್ತು. ಅಪವಾದಗಳು ಉತ್ಸರ್ಗವನ್ನೇ ನುಂಗುವ ಹೊತ್ತು ಬಂದಾಗ ಸೂತ್ರವನ್ನು ಬೇರೆಯಾಗಿ ಮಾಡಬೇಕಾಗುವುದು. ಹಾಗೆ ಮಾಡಿದವನು ಅಮೆರಿಕದ ಗಿಬ್ಸ್. ೧೮೭೬ರಿಂದ ೧೮೭೮ರವರೆಗೆ ಪ್ರಕಟವಾದ ಅವನ ಪ್ರಬಂಧವು, ಕ್ರಿಯೆಯು ಯಾವ ಕಡೆಗೆ ಸಾಗುವುದೆಂಬುದನ್ನು ಶಾಖವೊಂದೇ ನಿರ್ಣಯಿಸದೆಂದು ತೋರಿಸಿತು. ಕಣಗಳ ಹರಡಿಕೆಯನ್ನು ಅಳೆಯುವ ಎಂಟ್ರೊಪಿ ಎಂಬ ಇನ್ನೊಂದು ಪರಿಮಾಣವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಉಷ್ಣತೆಯು ಏರಿದಷ್ಟೂ ಅದರ ಬಲವು ಹೆಚ್ಚುವುದು. ಉಪ್ಪು ಕರಗಿ ಹರಡಿಕೊಳ್ಳುವುದರಿಂದ ಆಗುವ ಲಾಭವು ಶಾಖದ ನಷ್ಟವನ್ನು ಮೀರುವುದರಿಂದಲೇ ಹೂಜಿಯ ನೀರು ತಣ್ಣಗಾಗುವುದು. ಗೂಡಿನ ಬೆಂಕಿಯು ೯೦೦ ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಏರಿದಾಗ ಕಲ್ಲು ಗಾಳಿಯನ್ನು ಬಿಟ್ಟುಕೊಡುವುದೂ ಇದೇ ಕಾರಣದಿಂದ.

ಬರ್ತೆಲೊವಿನ ನಿಯಮವನ್ನು ಪ್ಯಾರಿಸಿನಲ್ಲಿಯೇ ಎದುರಿಸಿದ ತರುಣನು ಪಿಯೆರ್ ಡ್ಯೂಹೆಮ್. ಅವನು ೧೮೮೪ರಲ್ಲಿ ಸಲ್ಲಿಸಿದ ಪ್ರಬಂಧವು ತಿರಸ್ಕೃತವಾಯಿತು. ೧೮೮೬ರಲ್ಲಿ ಅವನು ಅದನ್ನು ಪುಸ್ತಕವಾಗಿ ಅಚ್ಚು ಹಾಕಿಸಿದನು. ಬರ್ತೆಲೊ ಆ ವರ್ಷವೇ ಫ್ರಾನ್ಸಿನ ವಿದ್ಯಾಮಂತ್ರಿಯಾದನು. ಡ್ಯೂಹೆಮನು ಲೀಲ್, ರೆನ್, ಬೋರ್ಡೊ ನಗರಗಳಲ್ಲಿ ಪಾಠ ಹೇಳುತ್ತ ೧೯೧೬ರಲ್ಲಿ ತೀರಿಕೊಂಡನು. ಪ್ಯಾರಿಸಿನ ಪೀಠವು ಅವನಿಗೆ ಕೊನೆಯವರೆಗೂ ದೊರೆಯಲಿಲ್ಲ. ಶಿಷ್ಯನಿಂದ ಪರಾಜಯವನ್ನು ಬಯಸಬೇಕೆಂದು ನಾವೂ ಹೇಳುತ್ತ ಬಂದಿದ್ದೇವೆ. ನಮ್ಮ ಸಭೆಗಳಲ್ಲಿ ಅದು ಎಷ್ಟು ನಡೆಯುತ್ತದೆಂಬುದನ್ನು ಓದುಗರೇ ಬಲ್ಲರು.

ಇದೇ ಬರ್ತೆಲೊವಿಗೆ ನಾವು ಒಂದು ದೊಡ್ಡ ಋಣವನ್ನು ಒಪ್ಪಿಕೊಳ್ಳಬೇಕು. ಪ್ರಾಚೀನ ರಸವಿದ್ಯೆಯ ಚರಿತ್ರಕಾರನೂ ಆಗಿದ್ದ ಅವನು, ರಸೇಂದ್ರಸಾರಸಂಗ್ರಹವನ್ನು ಕುರಿತು ಪ್ರಫುಲ್ಲಚಂದ್ರ ರಾಯರು ಬರೆದು ಕಳುಹಿಸಿದುದನ್ನು ಆದರಿಸಿ, ಹಿಂದೂ ರಸಾಯನದ ಇತಿಹಾಸವನ್ನು ಪೂರ್ಣವಾಗಿ ಬರೆಯುವಂತೆ ಅವರನ್ನು ಪ್ರೋತ್ಸಾಹಿಸಿದನು. ರಾಯರ ಗ್ರಂಥದ ಮೊದಲನೆಯ ಸಂಪುಟವು ೧೯೦೨ರಲ್ಲಿಯೂ ಎರಡನೆಯದು ೧೯೦೯ರಲ್ಲಿಯೂ ಹೊರಬಂದುವು. ಎರಡನೆಯ ಸಂಪುಟದಲ್ಲಿ ನಮ್ಮ ದರ್ಶನಗಳ ಭೌತ-ರಾಸಾಯನಿಕ ಸಿದ್ಧಾಂತಗಳ ಭಾಗವನ್ನು ಬರೆದವರು ಬ್ರಜೇಂದ್ರನಾಥ ಶೀಲರು. ಅವರು ೧೯೧೫ರಲ್ಲಿ ಆ ವಿಷಯವನ್ನೇ ಸ್ವತಂತ್ರಗ್ರಂಥವಾಗಿ ವಿಸ್ತರಿಸಿದರು. ೧೯೨೧ರಿಂದ ೧೯೩೦ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದವರೂ ಅವರೇ. ಪಾಕಜಪ್ರಕ್ರಿಯೆಯನ್ನು ರಸಾಯನಶಾಸ್ತ್ರದ ಪರಿಭಾಷೆಯಲ್ಲಿ ವಿವರಿಸಿ ವಿದ್ವಲ್ಲೋಕದ ಕಣ್ಣು ತೆರೆಸಿದ ಕೀರ್ತಿ ಅವರದು.

ಶೀಲರ ಪಾಂಡಿತ್ಯಕ್ಕೆ ಕೈಮುಗಿದೇ ಒಂದು ಮಾತನ್ನು ಹೇಳಬೇಕಾಗಿದೆ. ಅವರ ಪುಸ್ತಕವನ್ನು ಓದಿದವರಲ್ಲಿ ಹಲವರು ಮೂಲವನ್ನು ನೋಡದೆ, ಶಾಖದಿಂದ ಆಗುವ ರಾಸಾಯನಿಕಪರಿಣಾಮದ ಸಿದ್ಧಾಂತವೆಲ್ಲವೂ ಪ್ರಶಸ್ತಪಾದಭಾಷ್ಯದಲ್ಲಿಯೇ ಇದೆಯೆಂದು ಹೇಳಿಬಿಡುತ್ತಾರೆ. ಅನುವಾದದ ಪರಿಭಾಷೆಯು ಹೊಸದಾದಾಗ ಅರ್ಥವೂ ಹೊಸದಾಗಿ ಕಾಣುವುದು. ಅದು ಮೂಲದ ಅರ್ಥವಾಗಲಾರದು. ಪೀಲುಪಾಕವಾದದ ಪ್ರಶ್ನೆಯು ಅವಯವಿಯ ನಾಶ ಮತ್ತು ಪ್ರತ್ಯಭಿಜ್ಞೆಗಳನ್ನು ಕುರಿತದ್ದು. ಹೆಸ್ಸನ ಪ್ರಶ್ನೆಯು ಮೊತ್ತವನ್ನು ಕುರಿತದ್ದು. ಗಡಿಗೆಯು ಬಿಚ್ಚಿಹೋಗಿ ಮತ್ತೆ ಕೂಡಿತೋ, ಬಿಚ್ಚದೆಯೇ ಬೆಂದಿತೋ ಎಂಬ ನಮ್ಮ ಮಹಾವಿವಾದದಲ್ಲಿ, ಒಳಗೆ ಹಾಕಿದ್ದೂ ಹೊರಗೆ ತೆಗೆದದ್ದೂ ಒಂದೇ ಆಗಿರುವಾಗ, ಯಾವ ಪಕ್ಷವು ಗೆದ್ದರೂ ಹೆಸ್ಸನ ಲೆಕ್ಕವು ಬದಲಾಗುವುದಿಲ್ಲ. ಎರಡು ವಿದ್ಯೆಗಳನ್ನೂ ಪಾಠ ಹೇಳುವವರು ಈ ಭೇದವನ್ನು ವಿದ್ಯಾರ್ಥಿಗಳಿಗೆ ತಿಳಿಸಿದರೆ ಪ್ರಶಸ್ತಪಾದನಿಗೂ ಹೆಸ್ಸನಿಗೂ ಅಪಚಾರವಾಗದು.

ಕಳೆದ ವರ್ಷ ನಾನು ಆ ಊರಿಗೆ ಹೋಗಿದ್ದೆನು. ಪಾಠಶಾಲೆಯು ಈಗ ಇಲ್ಲ. ಬಾವಿಯ ಕಟ್ಟೆಯು ಇದೆ. ಗಾರೆಯ ಹೊರಮೈ ಕಲ್ಲಿನಂತೆ ಗಟ್ಟಿಯಾಗಿದೆ. ದಪ್ಪನೆಯ ಗೋಡೆಗಳ ಒಳಭಾಗದಲ್ಲಿ ಗಾಳಿಯು ನುಸುಳಿ ಸುಣ್ಣವೆಲ್ಲವೂ ಮರಳಿ ಕಲ್ಲಾಗುವುದಕ್ಕೆ ಹಲವು ದಶಕಗಳು, ಕೆಲವೆಡೆ ಶತಮಾನಗಳೇ ಹಿಡಿಯುವುವು. ಅಂದು ಗುರುಗಳೊಡನೆ ಮಾತನಾಡಿದಾಗ ಗುಂಡಿಯಲ್ಲಿ ಕುದಿದ ಸುಣ್ಣದ ಎರಡನೆಯ ಕಂತಿನಲ್ಲಿ ಒಂದು ಪಾಲು ಆ ಕಟ್ಟೆಯೊಳಗೆ ಇನ್ನೂ ಸಲ್ಲುತ್ತಲೇ ಇರಬೇಕು.